ಒಂದು ಸರೋವರ, ಎರಡು ಕಬ್ಬಿಣದ ಹಾದಿಗಳು

ಶಾಸನಗಳನ್ನೂ ಕಡತಗಳನ್ನೂ ಓದುವಂತೆಯೇ ಹಳೆಯ ದಾರಿಗಳನ್ನೂ ಓದುವ ಅಭ್ಯಾಸ ಚರಿತ್ರಕಾರನಿಗೆ ಇರಬೇಕು. ಒಂದು ದಾರಿಯನ್ನು ಹಾಕಿಸಿದವರು ಯಾರು, ಅದರ ಮೇಲೆ ಸಾಗಿದ ಸರಕು ಯಾವುದು, ಅದು ಬೇಡವಾದದ್ದು ಯಾವಾಗ, ಬೇಡವಾದ ಮೇಲೆ ಅದನ್ನು ಉಳಿಸಿಕೊಂಡವರು ಯಾರು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದರೆ, ಆ ಪ್ರದೇಶದ ಅರ್ಧ ಚರಿತ್ರೆ ನಮ್ಮ ಕೈಗೆ ಸಿಕ್ಕಿದಂತಾಗುತ್ತದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳ ನೈಋತ್ಯ ಭಾಗದಲ್ಲಿ, ನೆವಾಡ ಮತ್ತು ಆರಿಜೋನ ಸಂಸ್ಥಾನಗಳ ಗಡಿಯಲ್ಲಿ, ಮೀಡ್ ಸರೋವರದ ದಂಡೆಯುದ್ದಕ್ಕೂ ಹೋಗುವ ಒಂದು ಕಾಲುದಾರಿಯನ್ನು ಇಂತಹ ಓದಿಗೆ ಇಲ್ಲಿ ಆರಿಸಿಕೊಳ್ಳಲಾಗಿದೆ. ಸರೋವರದ ಸಂದರ್ಶಕರ ಕೇಂದ್ರದ ಬಳಿಯಿಂದ ಹೂವರ್ ಅಣೆಕಟ್ಟಿನವರೆಗೆ ಸುಮಾರು 3.7 ಮೈಲಿ ಉದ್ದವಾಗಿರುವ ಈ ದಾರಿಯಲ್ಲಿ ಐದು ಸುರಂಗಗಳಿವೆ. ಇಂದು ಅಲ್ಲಿ ಜನ ವಿಹಾರಕ್ಕಾಗಿ ನಡೆಯುತ್ತಾರೆ. ಮೂವತ್ತು ವರ್ಷಗಳ ಕಾಲ ಅದು ರೈಲುಮಾರ್ಗವಾಗಿತ್ತು.

ಅದೇ ಸರೋವರದ ಉತ್ತರದ ತೋಳಿನಲ್ಲಿ ಇನ್ನೊಂದು ರೈಲುಮಾರ್ಗದ ಕೊನೆಯ ನಿಲ್ದಾಣವಿತ್ತು. ಅದು ನೀರಿನಲ್ಲಿ ಮುಳುಗಿತು. ಒಂದು ಮಾರ್ಗವು ಸರೋವರವನ್ನು ನಿರ್ಮಿಸಿತು. ಇನ್ನೊಂದನ್ನು ಸರೋವರವು ನುಂಗಿತು. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡದೆ ಆ ಕಾಲುದಾರಿಯ ಅರ್ಥ ಪೂರ್ಣವಾಗಲಾರದೆಂಬುದು ಪ್ರಕೃತ ಲೇಖನದ ಅಭಿಪ್ರಾಯ.

1. ನದಿ, ಒಪ್ಪಂದ, ಸಾಲ

ಕೊಲೊರಾಡೊ ನದಿಯು ಮರುಭೂಮಿಯ ನಡುವೆ ಹರಿಯುವ ನದಿ. ಬೇಸಗೆಯ ಆರಂಭದಲ್ಲಿ ಪರ್ವತಗಳ ಹಿಮ ಕರಗಿದಾಗ ಉಕ್ಕಿ ಹರಿಯುವುದು, ಉಳಿದ ಕಾಲದಲ್ಲಿ ಸೊರಗುವುದು ಅದರ ಸ್ವಭಾವವಾಗಿತ್ತು. 1905ರಿಂದ 1907ರವರೆಗೆ ಅದು ದಂಡೆಯನ್ನೊಡೆದು ಕ್ಯಾಲಿಫೋರ್ನಿಯದ ಇಂಪೀರಿಯಲ್ ಕಣಿವೆಯ ಕಡೆಗೆ ಹರಿದು, ಸಾಲ್ಟನ್ ಸಮುದ್ರವೆಂಬ ದೊಡ್ಡ ಜಲಾಶಯವನ್ನೇ ಸೃಷ್ಟಿಸಿತು. ಈ ನದಿಯನ್ನು ಕಟ್ಟಿಹಾಕಬೇಕೆಂಬ ಕೂಗು ಆಗಿನಿಂದ ಬಲವಾಯಿತು. ಆದರೆ ನದಿಯ ಪಾತ್ರದಲ್ಲಿ ಏಳು ಸಂಸ್ಥಾನಗಳಿದ್ದುದರಿಂದ ಮೊದಲು ನೀರಿನ ಹಂಚಿಕೆ ನಿಶ್ಚಯವಾಗಬೇಕಾಗಿತ್ತು. ಆಗ ವಾಣಿಜ್ಯ ಮಂತ್ರಿಯಾಗಿದ್ದ ಹರ್ಬರ್ಟ್ ಹೂವರನ ಅಧ್ಯಕ್ಷತೆಯಲ್ಲಿ 1922ರ ನವೆಂಬರಿನಲ್ಲಿ ಕೊಲೊರಾಡೊ ನದಿಯ ಒಪ್ಪಂದಕ್ಕೆ ಸಹಿಯಾಯಿತು. ಕಾವೇರಿಯ ನೀರಿನ ವಿಷಯದಲ್ಲಿ ಮೈಸೂರು ಮತ್ತು ಮದರಾಸು ಸರಕಾರಗಳು 1924ರಲ್ಲಿ ಮಾಡಿಕೊಂಡ ಒಪ್ಪಂದವು ಇದರ ಸಮಕಾಲೀನವೆಂಬುದನ್ನು ಕನ್ನಡಿಗರು ಇಲ್ಲಿ ನೆನೆಯಬಹುದು.

1928ರ ಡಿಸೆಂಬರಿನಲ್ಲಿ ಬೋಲ್ಡರ್ ಕಣಿವೆಯ ಯೋಜನೆಯ ಕಾಯಿದೆಗೆ ಅಧ್ಯಕ್ಷ ಕೂಲಿಜನ ಅಂಕಿತ ಬಿದ್ದಿತು. ಕಾಯಿದೆಯು ಮಂಜೂರು ಮಾಡಿದ ಮೊತ್ತ 16 ಕೋಟಿ 50 ಲಕ್ಷ ಡಾಲರು. ಹಣಕಾಸಿನ ದೃಷ್ಟಿಯಿಂದ ಈ ಕಾಯಿದೆಯ ಒಂದು ನಿಯಮವು ವಿಶೇಷ ಗಮನಕ್ಕೆ ಅರ್ಹವಾಗಿದೆ. ಖರ್ಚನ್ನು 50 ವರ್ಷಗಳೊಳಗೆ ಬಡ್ಡಿಸಹಿತ ತೀರಿಸುವಷ್ಟು ಆದಾಯಕ್ಕೆ ಒಪ್ಪಂದಗಳನ್ನು ಮೊದಲೇ ಮಾಡಿಕೊಳ್ಳದೆ ಕಟ್ಟಡಕ್ಕೆ ಹಣವನ್ನು ಬಿಡುಗಡೆ ಮಾಡುವಂತಿರಲಿಲ್ಲ. ಎಂದರೆ ಬಂಡೆಗೆ ಮೊದಲನೆಯ ಕುಣಿ ಕೊರೆಯುವುದಕ್ಕೆ ಮುಂಚೆಯೇ, ಮುಂದೆ ಹುಟ್ಟಬೇಕಾದ ವಿದ್ಯುತ್ತು ಕಾಗದದ ಮೇಲೆ ಮಾರಾಟವಾಗಿತ್ತು. 1930ರಲ್ಲಿ ಲಾಸ್ ಏಂಜಲಿಸ್ ನಗರವೇ ಮೊದಲಾದವರು ಅದನ್ನು ಕೊಳ್ಳಲು ಕರಾರು ಬರೆದುಕೊಟ್ಟರು. ಆ ಸಾಲವು 1987ರಲ್ಲಿ ತೀರಿತು. ಈ ಲೆಕ್ಕವನ್ನು ಕಟ್ಟುನಿಟ್ಟಾಗಿ ಇಟ್ಟ ಸರಕಾರದ ಪುಸ್ತಕದಲ್ಲಿ ಸೇರದೆ ಹೋದ ಬಾಬುಗಳು ಯಾವುವೆಂಬುದನ್ನು ಮುಂದೆ ನೋಡೋಣ.

2. ಕಟ್ಟಲು ಹೋದ ದಾರಿ

ಅಣೆಕಟ್ಟಿಗೆ ಆರಿಸಿದ ಸ್ಥಳವಾದ ಕಪ್ಪು ಕಣಿವೆಯು ಜನವಸತಿಯಿಲ್ಲದ ಬರಿಯ ಬಂಡೆಗಳ ಪ್ರದೇಶ. ಹತ್ತಿರದ ಊರಾದ ಲಾಸ್ ವೇಗಸ್ಸು ರೈಲಿನವರ ನಿವೇಶನಗಳ ಹರಾಜಿನಿಂದ 1905ರಲ್ಲಿ ಹುಟ್ಟಿ, ರೈಲನ್ನೇ ನಂಬಿ ಬೆಳೆದ ಸಣ್ಣ ಪಟ್ಟಣವಾಗಿತ್ತು. ಸಿಮೆಂಟು, ಉಕ್ಕು, ಯಂತ್ರ, ಮರಮುಟ್ಟು, ಆಹಾರ ಎಲ್ಲವೂ ಹೊರಗಿನಿಂದಲೇ ಬರಬೇಕಾಗಿದ್ದುದರಿಂದ ಅಣೆಕಟ್ಟಿಗೆ ಮೊದಲು ರೈಲುಮಾರ್ಗ ಹುಟ್ಟುವುದು ಅನಿವಾರ್ಯವಾಯಿತು. 1930ರ ಸೆಪ್ಟೆಂಬರ್ 17ರಂದು, ಲಾಸ್ ವೇಗಸ್ಸಿನ ನೈಋತ್ಯಕ್ಕಿರುವ ಬ್ರಾಕನ್ ಎಂಬಲ್ಲಿ, ಒಳನಾಡಿನ ಮಂತ್ರಿ ರೇ ಲೈಮನ್ ವಿಲ್ಬರನು ಹೊಸ ಕವಲುಮಾರ್ಗಕ್ಕೆ ಬೆಳ್ಳಿಯ ಮೊಳೆಯನ್ನು ಹೊಡೆದನು. ಅಣೆಕಟ್ಟಿಗೆ ಹೂವರನ ಹೆಸರನ್ನು ಇಡುವುದಾಗಿ ಅವನು ಸಾರಿದ್ದು ಆ ಸಮಾರಂಭದಲ್ಲಿಯೇ. ಕಟ್ಟೆಯ ನಾಮಕರಣವು ಕಟ್ಟೆಯಿಂದ ಎಷ್ಟೋ ಮೈಲಿ ದೂರದಲ್ಲಿ, ರೈಲು ಹಳಿಯ ಪಕ್ಕದಲ್ಲಿ ನಡೆಯಿತೆಂಬುದು ಸ್ವಾರಸ್ಯವಾದ ಸಂಗತಿ. ಈ ಹೆಸರು ಮುಂದೆ ರಾಜಕೀಯದ ಅಲೆಗೆ ಸಿಕ್ಕಿ 1933ರಲ್ಲಿ ಬೋಲ್ಡರ್ ಎಂದು ಬದಲಾಗಿ, 1947ರಲ್ಲಿ ಮತ್ತೆ ಹೂವರ್ ಎಂದಾಯಿತು.

ಒಂದೇ ಮಾರ್ಗದಂತೆ ಕಾಣುವ ಈ ದಾರಿಗೆ ಮೂವರು ಒಡೆಯರಿದ್ದರು. ಮುಖ್ಯ ಮಾರ್ಗದಿಂದ ಬೋಲ್ಡರ್ ಸಿಟಿಯವರೆಗಿನ ಸುಮಾರು 23 ಮೈಲಿಗಳನ್ನು ಯೂನಿಯನ್ ಪೆಸಿಫಿಕ್ ರೈಲ್ವೆಯವರು ಹಾಕಿಸಿದರು. ಅಲ್ಲಿಂದ ಕಣಿವೆಯ ಮೇಲಂಚಿನವರೆಗೆ ಸುಮಾರು 10 ಮೈಲಿ ಸರಕಾರದ್ದು. ನದಿಯ ಮಟ್ಟಕ್ಕೆ ಇಳಿದು, ಜಲ್ಲಿಯ ಗಣಿ, ಜಲ್ಲಿ ತೊಳೆಯುವ ಕಾರ್ಖಾನೆ, ಕಾಂಕ್ರೀಟು ಕಲಸುವ ಸ್ಥಾವರ ಇವುಗಳನ್ನು ಜೋಡಿಸುತ್ತಿದ್ದ ಮೂರನೆಯ ಜಾಲವು ಗುತ್ತಿಗೆದಾರರದು. ಆರು ಗುತ್ತಿಗೆ ಸಂಸ್ಥೆಗಳೆಂಬ ಅರ್ಥದ ಸಿಕ್ಸ್ ಕಂಪೆನೀಸ್ ಎಂಬ ಹೆಸರಿನ ಈ ಕೂಟವು 1931ರ ಮಾರ್ಚಿನಲ್ಲಿ 4,88,90,995 ಡಾಲರುಗಳ ಟೆಂಡರಿನಿಂದ ಕೆಲಸವನ್ನು ಪಡೆದಿತ್ತು. ಒಟ್ಟು ಮಾರ್ಗದ ಮೇಲೆ ಒಂಬತ್ತು ಉಗಿಯಂತ್ರಗಳೂ ನಾಲ್ಕು ಪೆಟ್ರೋಲು ಯಂತ್ರಗಳೂ ಓಡುತ್ತಿದ್ದವು.

ಈಗ ಕಾಲುದಾರಿಯಾಗಿರುವುದು ಸರಕಾರದ ಭಾಗದ ಒಂದು ತುಂಡು. ಅದರ ಐದು ಸುರಂಗಗಳು ಒಂದೊಂದೂ ಸುಮಾರು 300 ಅಡಿ ಉದ್ದ, 25 ಅಡಿ ವ್ಯಾಸದವು. ಸಾಮಾನ್ಯ ರೈಲುಗಾಡಿಗೆ ಇಷ್ಟು ದೊಡ್ಡ ಬಾಯಿ ಬೇಕಿಲ್ಲ. ಅಣೆಕಟ್ಟಿನ ಭಾರಿ ಯಂತ್ರಭಾಗಗಳು ಗಾಡಿಯ ಮೇಲೆ ಕುಳಿತು ಹಾದುಹೋಗಬೇಕೆಂದೇ ಅವನ್ನು ಇಷ್ಟು ಅಗಲವಾಗಿ ಕೊರೆದರು. ಮಾರ್ಗದ ತುದಿಯಲ್ಲಿ 150 ಟನ್ ಭಾರವನ್ನು ಎತ್ತಬಲ್ಲ ತಂತಿಹಗ್ಗದ ತೊಟ್ಟಿಲು ಸರಕನ್ನು ಕಣಿವೆಯ ಆಳಕ್ಕೆ ಇಳಿಸುತ್ತಿತ್ತು. ಆದರೆ ರೈಲಿಗೂ ಒಂದು ಮಿತಿಯಿತ್ತು. ನೀರನ್ನು ಯಂತ್ರಗಳಿಗೆ ಒಯ್ಯುವ ದೊಡ್ಡ ಉಕ್ಕಿನ ಕೊಳವೆಗಳ ವ್ಯಾಸ 30 ಅಡಿ. ಅವನ್ನು ದೂರದ ಕಾರ್ಖಾನೆಯಿಂದ ಯಾವ ರೈಲೂ ತರುವಂತಿರಲಿಲ್ಲ. ಆದ್ದರಿಂದ ಉಕ್ಕಿನ ಹಾಳೆಗಳನ್ನು ಮಾತ್ರ ರೈಲಿನಲ್ಲಿ ತಂದು, ಅಣೆಕಟ್ಟಿನ ಸಮೀಪದಲ್ಲಿಯೇ ಒಂದು ಕಾರ್ಖಾನೆಯನ್ನು ನಿಲ್ಲಿಸಿ, ಕೊಳವೆಗಳನ್ನು ಅಲ್ಲಿಯೇ ಬಾಗಿಸಿ ಬೆಸೆದರು.

1932ರ ನವೆಂಬರಿನಲ್ಲಿ ನದಿಯನ್ನು ಪಕ್ಕದ ಸುರಂಗಗಳಿಗೆ ತಿರುಗಿಸಲಾಯಿತು. 1933ರ ಜೂನ್ 6ರಂದು ಮೊದಲ ತೊಟ್ಟಿ ಕಾಂಕ್ರೀಟು ಬಿದ್ದಿತು. ಎರಡು ವರ್ಷಗಳೊಳಗೆ 726 ಅಡಿ ಎತ್ತರದ ಕಟ್ಟೆಯು ಎದ್ದು ನಿಂತು, 1935ರ ಸೆಪ್ಟೆಂಬರ್ 30ರಂದು ಅಧ್ಯಕ್ಷ ರೂಸ್‌ವೆಲ್ಟನು ಅದನ್ನು ಲೋಕಾರ್ಪಣ ಮಾಡಿದನು. ಕಟ್ಟೆಯೊಂದರಲ್ಲೇ 32 ಲಕ್ಷಕ್ಕೂ ಹೆಚ್ಚು ಘನ ಗಜಗಳ ಕಾಂಕ್ರೀಟು ಸೇರಿದೆ. ಅದರ ಜಲ್ಲಿಯನ್ನು ಆರಿಜೋನ ದಂಡೆಯ ನಿಕ್ಷೇಪದಿಂದ ತೋಡಿ, ಗುತ್ತಿಗೆದಾರರ ರೈಲಿನಲ್ಲಿ ಹೊತ್ತು ತಂದರು. 1935ರ ಫೆಬ್ರವರಿಯಲ್ಲಿ ತೂಬುಗಳನ್ನು ಮುಚ್ಚಿ ನೀರು ನಿಲ್ಲಿಸತೊಡಗಿದಾಗ ಮೊದಲು ಮುಳುಗುವ ಸರದಿ ಈ ಕೆಳಗಿನ ರೈಲುಮಾರ್ಗದ್ದಾಯಿತು. ಕಟ್ಟಿದ ಮಾರ್ಗವೂ ತಾನು ಕಟ್ಟಿದ್ದರ ಕೆಳಗೆ ಅರ್ಧ ಹೂತುಹೋಯಿತು. ಮೇಲಂಚಿನ ಭಾಗ ಮಾತ್ರ ಎತ್ತರದಲ್ಲಿದ್ದುದರಿಂದ ಉಳಿಯಿತು.

3. ದುಡಿದವರು

ಈ ಕೆಲಸವು ನಡೆದದ್ದು ಅಮೆರಿಕದ ಮಹಾ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ. ಕೆಲಸ ಸಿಕ್ಕೀತೆಂಬ ಆಸೆಯಿಂದ ಸಾವಿರಾರು ಮಂದಿ ಹೆಂಡಿರು ಮಕ್ಕಳೊಡನೆ ಮರುಭೂಮಿಗೆ ಬಂದು, ನದಿಯ ಬಳಿ ಚಿಂದಿಯ ಡೇರೆಗಳನ್ನು ಹಾಕಿಕೊಂಡರು. ಜನರು ಅದನ್ನು ಚಿಂದಿಯೂರು ಎಂದೇ ಕರೆದರು. 1931ರ ಬೇಸಗೆಯ ಬಿಸಿಲಿಗೆ ಅಲ್ಲಿ ಹಲವರು ಬಲಿಯಾದರು. ಆ ವರ್ಷದ ಆಗಸ್ಟಿನಲ್ಲಿ ಕೂಲಿ ಕಡಿತದ ವಿರುದ್ಧ ಮುಷ್ಕರವಾಯಿತು. ಕೆಲಸ ಕಾದು ನಿಂತವರ ಸಂಖ್ಯೆ ದೊಡ್ಡದಾಗಿದ್ದುದರಿಂದ ಅದು ಬೇಗನೆ ಮುರಿದುಬಿದ್ದಿತು. ಚೀನ ಮೊದಲಾದ ಪೂರ್ವದೇಶಗಳವರನ್ನು ಕೆಲಸಕ್ಕೆ ಸೇರಿಸಕೂಡದೆಂದು ಕರಾರಿನಲ್ಲಿಯೇ ಬರೆದಿತ್ತು. ನೀಗ್ರೋ ಕಾರ್ಮಿಕರಿಗೆ ಸಿಕ್ಕಿದ ಕೆಲಸ ಅತ್ಯಲ್ಪ. ಅಮೆರಿಕದ ಪಶ್ಚಿಮ ಭಾಗದ ಮೊದಲ ರೈಲುಮಾರ್ಗಗಳಿಗೆ ಸಾವಿರಾರು ಚೀನೀಯರ ದುಡಿಮೆ ಸಂದಿತ್ತೆಂಬುದನ್ನು ನೆನೆದರೆ ಈ ನಿಷೇಧದ ಕಟುತ್ವವು ಮತ್ತಷ್ಟು ಸ್ಪಷ್ಟವಾಗುತ್ತದೆ.

ಕೆಲಸದ ಸ್ಥಳದ ಅಪಘಾತಗಳಲ್ಲಿ ಸತ್ತವರ ಅಧಿಕೃತ ಸಂಖ್ಯೆ 96. ಬಿಸಿಲಿನಿಂದ, ರೋಗದಿಂದ ಸತ್ತವರು ಈ ಲೆಕ್ಕಕ್ಕೆ ಸೇರಿಲ್ಲ. ನೀರು ತಿರುಗಿಸುವ ಸುರಂಗಗಳೊಳಗೆ ಪೆಟ್ರೋಲು ಲಾರಿಗಳನ್ನು ಓಡಿಸಿದ್ದರಿಂದ ಹೊಗೆ ಕುಡಿದು ತಮ್ಮ ಆರೋಗ್ಯ ಕೆಟ್ಟಿತೆಂದು ಕಾರ್ಮಿಕರು ದೂರಿದರು. ಆಸ್ಪತ್ರೆಯ ದಾಖಲೆಗಳು ಅನೇಕ ಸಾವುಗಳನ್ನು ಶ್ವಾಸಕೋಶದ ಜ್ವರದ ಖಾತೆಗೆ ಬರೆದುಕೊಂಡವು. ಯಾವ ಸಾವನ್ನು ಯಾವ ಕಲಮಿನಲ್ಲಿ ಬರೆಯಬೇಕೆಂಬ ನಿರ್ಧಾರವೇ ಇಲ್ಲಿ ಚರಿತ್ರೆಯ ರೂಪವನ್ನು ನಿಶ್ಚಯಿಸಿತು.

4. ಮುಳುಗಿದ ದಾರಿ

ಇನ್ನು ಎರಡನೆಯ ಮಾರ್ಗದ ಕಥೆ. ಮಡ್ಡಿ ಮತ್ತು ವರ್ಜಿನ್ ನದಿಗಳು ಕೂಡುವ ಸ್ಥಳದಲ್ಲಿ ಮಾರ್ಮನ್ ಪಂಥದವರು 1865ರಲ್ಲಿ ಸೇಂಟ್ ಥಾಮಸ್ ಎಂಬ ಹಳ್ಳಿಯನ್ನು ಕಟ್ಟಿದರು. ಕಾಲುವೆ ತೋಡಿ ಬೇಸಾಯ ಮಾಡಿಕೊಂಡು ಯೂಟ ಪ್ರಾಂತದಲ್ಲಿದ್ದೇವೆಂದು ಅವರು ನಂಬಿದ್ದರು. ಹೊಸದಾಗಿ ಭೂಮಾಪನವಾದಾಗ ಆ ನೆಲವು ನೆವಾಡಕ್ಕೆ ಸೇರಿದ್ದೆಂದು ತಿಳಿದುಬಂದಿತು. ಹಿಂದಿನ ವರ್ಷಗಳ ತೆರಿಗೆಯನ್ನೂ ಕೂಡಿ ಕೊಡಬೇಕೆಂದು ನೆವಾಡ ಸಂಸ್ಥಾನವು ಪಟ್ಟುಹಿಡಿಯಲು, 1871ರಲ್ಲಿ ಬಹುಮಟ್ಟಿಗೆ ಎಲ್ಲರೂ ಊರು ಬಿಟ್ಟು ಹೋದರು. 1880ರ ದಶಕದಲ್ಲಿ ಜನ ಮತ್ತೆ ಬಂದು ನೆಲಸಿದರು. 1912ರಲ್ಲಿ ಮೊವಾಪದಿಂದ ಅಲ್ಲಿಗೆ ರೈಲಿನ ಕವಲು ಬಂದಿತು. ಕಣಿವೆಯ ಬೆಳೆಗಳು ಆ ಗಾಡಿಗಳಲ್ಲಿ ಹೊರಗಿನ ಪೇಟೆಗಳನ್ನು ಸೇರತೊಡಗಿದುವು. ಎರಡು ಸಲ ನೆಲಸಿದ ಊರಿಗೆ ಈಗ ಭವಿಷ್ಯವು ಖಚಿತವಾಯಿತೆಂದು ಜನರು ಭಾವಿಸಿದ್ದರೆ ಆಶ್ಚರ್ಯವಿಲ್ಲ.

ಆದರೆ ಹದಿನಾರು ವರ್ಷಗಳೊಳಗೆ ಅಣೆಕಟ್ಟಿನ ಕಾಯಿದೆಯಾಯಿತು. ಸರಕಾರವು ಮನೆ ಹೊಲಗಳನ್ನು ಕೊಂಡುಕೊಂಡಿತು. ಗೋರಿಗಳನ್ನು ಅಗೆದು ಸತ್ತವರ ಅಸ್ಥಿಗಳನ್ನು ಎತ್ತರದ ಓವರ್ಟನ್ನಿಗೆ ಸಾಗಿಸಿದರು. ನೀರು ಇಲ್ಲಿಯವರೆಗೆ ಬರಲಾರದೆಂದು ಕೆಲವರು ಕೊನೆಯವರೆಗೂ ಕುಳಿತಿದ್ದರು. 1938ರ ಜೂನಿನಲ್ಲಿ ನೀರು ಹೊಸ್ತಿಲಿಗೆ ಬಂದಾಗ ಕಟ್ಟಕಡೆಯ ನಿವಾಸಿಯು ದೋಣಿಯಲ್ಲಿ ಕುಳಿತು ಮನೆಯನ್ನು ಬಿಟ್ಟನು. ಅದೇ ತಿಂಗಳು ಅಂಚೆ ಕಚೇರಿಯನ್ನು ಮುಚ್ಚಿದರು. ಊರೂ ರೈಲುಮಾರ್ಗದ ಕೊನೆಯ ತುಂಡೂ ನೀರಿನ ಕೆಳಗೆ ಹೋದುವು. ಅವುಗಳಿಗಿಂತ ಬಹು ಪ್ರಾಚೀನವಾದ ಇಂಡಿಯನ್ ಜನಾಂಗದ ವಸತಿಗಳ ಅವಶೇಷಗಳೂ ಆ ಕಣಿವೆಯಲ್ಲಿದ್ದುವು. ಹ್ಯಾರಿಂಗ್ಟನ್ ಎಂಬ ಪುರಾತತ್ವಜ್ಞನು 1924ರಿಂದ ಅಲ್ಲಿ ಉತ್ಖನನ ನಡೆಸಿದನು. ಸಿಕ್ಕಿದ ವಸ್ತುಗಳು ಓವರ್ಟನ್ನಿನಲ್ಲಿ 1935ರಲ್ಲಿ ಕಟ್ಟಿದ ವಸ್ತುಸಂಗ್ರಹಾಲಯವನ್ನು ಸೇರಿದುವು.

5. ಹಳಿ ಹೋಗಿ ಕಾಲುದಾರಿ

ಅಣೆಕಟ್ಟು ಮುಗಿದ ಮೇಲೂ ಸರಕಾರದ ರೈಲುಮಾರ್ಗವು ವಿದ್ಯುದಾಗಾರದ ಯಂತ್ರಗಳನ್ನು ತರುವುದಕ್ಕೆ ಉಪಯೋಗವಾಗುತ್ತಿತ್ತು. 1961ರಲ್ಲಿ ಕೊನೆಯ ಜನರೇಟರು ಬಂದಿತು. ಮರುವರ್ಷ ಹಳಿಗಳನ್ನು ಕಿತ್ತು ಗುಜರಿಗೆ ಮಾರಿದರು. ಆಗ ಅಮೆರಿಕದಲ್ಲಿ ಇಂತಹ ದೃಶ್ಯವು ಅಪರೂಪವಾಗಿರಲಿಲ್ಲ. 1916ರಲ್ಲಿ ಸುಮಾರು 2,54,000 ಮೈಲಿಗಳಷ್ಟಿದ್ದ ಆ ದೇಶದ ರೈಲುಜಾಲವು ಮೋಟಾರು ರಸ್ತೆಗಳ ಪೈಪೋಟಿಯಿಂದ ಕುಗ್ಗುತ್ತ ಬಂದಿತ್ತು. ಬಿಟ್ಟ ಮಾರ್ಗಗಳನ್ನು ಪಾದಚಾರಿಗಳಿಗೆ ಕೊಡಬಹುದೆಂಬ ಆಲೋಚನೆಯು ವಿಸ್ಕಾನ್ಸಿನ್ ಸಂಸ್ಥಾನದ ಎಲ್ರಾಯ್–ಸ್ಪಾರ್ಟ ದಾರಿಯಲ್ಲಿ 1960ರ ದಶಕದಲ್ಲಿ ಫಲಿಸಿತು. 1983ರಲ್ಲಿ ಒಂದು ಕಾಯಿದೆಯು, ಮುಂದೆ ಬೇಕಾದರೆ ಮತ್ತೆ ಹಳಿ ಹಾಕುವ ಹಕ್ಕನ್ನು ಉಳಿಸಿಕೊಂಡು, ಇಂತಹ ಮಾರ್ಗಗಳನ್ನು ಕಾಲುದಾರಿಯಾಗಿ ಕಾಯ್ದಿಡಲು ಅವಕಾಶ ಕಲ್ಪಿಸಿತು. ಬ್ಯಾಂಕಿನಲ್ಲಿ ಹಣವಿಟ್ಟಂತೆ ದಾರಿಯನ್ನು ಠೇವಣಿ ಇಡುವ ಈ ಏರ್ಪಾಡಿಗೆ ಅಲ್ಲಿಯ ಜನ ರೈಲುಬ್ಯಾಂಕಿಂಗ್ ಎಂದೇ ಹೆಸರಿಟ್ಟಿದ್ದಾರೆ. ನಮ್ಮ ಪ್ರಸ್ತುತ ದಾರಿಯು ಸರಕಾರದ ಸ್ವಂತ ನೆಲದಲ್ಲಿದ್ದುದರಿಂದ ಅದಕ್ಕೆ ಈ ಏರ್ಪಾಡು ಬೇಕಾಗಲಿಲ್ಲ. ರಾಷ್ಟ್ರೀಯ ಉದ್ಯಾನಗಳ ಇಲಾಖೆಯವರು ಅದನ್ನು ಚಾರಿತ್ರಿಕ ಮಾರ್ಗವೆಂದು ಕಾಪಾಡಿದರು. 1990ರಲ್ಲಿ ಬೆಂಕಿಗೆ ತುತ್ತಾದ ಐದನೆಯ ಸುರಂಗವನ್ನು 2001ರಲ್ಲಿ ದುರಸ್ತಿ ಮಾಡಿ ತೆರೆದರು.

ಇಂದು ನಡೆಯುವವನಿಗೆ ಆ ದಾರಿಯು ಶ್ರಮವೆನಿಸುವುದಿಲ್ಲ. ಭಾರದ ಗಾಡಿಗಳಿಗಾಗಿ ಹಾಕಿದ ಮಾರ್ಗವಾದುದರಿಂದ ಏರಿಳಿತವು ಅತ್ಯಲ್ಪ. ಬಂಡೆಯ ಉಬ್ಬುಗಳನ್ನು ಕಡಿದು, ಕೊರಕಲುಗಳನ್ನು ಅದೇ ಕಲ್ಲಿನಿಂದ ತುಂಬಿ ಸಮಮಾಡಿದ್ದಾರೆ. ಬಿಸಿಲಿನಿಂದ ಸುರಂಗದೊಳಕ್ಕೆ ಕಾಲಿಟ್ಟರೆ ತಂಪು. ಗೋಡೆಗಳಲ್ಲಿ ಸಿಡಿಮದ್ದಿಗೆ ಒಡೆದ ಬಂಡೆಯ ಮೊನೆಗಳು. ಅಲ್ಲಲ್ಲಿ ಆಸರೆಗೆ ನಿಲ್ಲಿಸಿದ ದಪ್ಪ ಮರದ ತೊಲೆಗಳು. ಹೊರಗೆ ಬಂದರೆ ಕೆಳಗೆ ಸರೋವರ. ಆದರೆ ಆ ಸರೋವರದ ಸುತ್ತ, ಬಂಡೆಗಳ ಮೇಲೆ, ಸುಣ್ಣ ಬಳಿದಂತೆ ಒಂದು ಅಗಲವಾದ ಬಿಳಿಯ ಪಟ್ಟಿಯು ಕಾಣುತ್ತದೆ. ಅದು ಹಿಂದೆ ನೀರು ನಿಂತಿದ್ದ ಮಟ್ಟ. 1983ರ ಬೇಸಗೆಯಲ್ಲಿ ಸಮುದ್ರಮಟ್ಟದಿಂದ 1,225 ಅಡಿಗಳಿಗೂ ಮೇಲೇರಿ ಕೋಡಿ ಹರಿದಿದ್ದ ನೀರು, ದೀರ್ಘವಾದ ಬರದಿಂದಲೂ ಹಂಚಿಕೆಯಲ್ಲಿ ಬರೆದುಕೊಟ್ಟ ನೀರು ನದಿಯಲ್ಲಿ ಇಲ್ಲದಿರುವುದರಿಂದಲೂ ಇಳಿಯುತ್ತ, 2022ರ ಜುಲೈನಲ್ಲಿ ಸುಮಾರು 1,040 ಅಡಿಗೆ ಬಂದಿತು. 1922ರ ಒಪ್ಪಂದವು ನದಿಯು ಹೆಚ್ಚು ತುಂಬಿ ಹರಿದ ವರ್ಷಗಳ ಅಳತೆಯನ್ನು ಆಧಾರವಾಗಿಟ್ಟುಕೊಂಡಿತ್ತೆಂದು ತಜ್ಞರು ಹೇಳುತ್ತಾರೆ. ಇದ್ದ ಆದಾಯಕ್ಕಿಂತ ಹೆಚ್ಚನ್ನು ನಂಬಿ ಮಾಡಿದ ಹಂಚಿಕೆಯ ಪರಿಣಾಮವನ್ನು ಆ ಬಿಳಿಯ ಪಟ್ಟಿಯಲ್ಲಿ ಯಾರು ಬೇಕಾದರೂ ಓದಬಹುದು.

ನೀರು ಹಿಂದೆಗೆದಾಗ ಸೇಂಟ್ ಥಾಮಸ್ ಮೇಲಕ್ಕೆ ಬಂದಿತು. 1945ರಲ್ಲಿಯೂ 1963ರಲ್ಲಿಯೂ ಸ್ವಲ್ಪ ಕಾಲ ತಲೆಯೆತ್ತಿದ್ದ ಊರು, ಈ ಶತಮಾನದ ಆರಂಭದಿಂದ ಬಯಲಾಗಿದೆ. ಮನೆಗಳ ತಳಪಾಯ, ಶಾಲೆಯ ಮೆಟ್ಟಿಲು, ಬಾವಿಯಂತಿರುವ ನೀರಿನ ತೊಟ್ಟಿ, ಬೀದಿಯ ಸಾಲಿನಲ್ಲಿ ಒಣಗಿ ನಿಂತ ಮರದ ಮೋಟುಗಳು ಕಾಣುತ್ತವೆ. ಅಲ್ಲಿಗೂ ಈಗ ಒಂದು ಕಾಲುದಾರಿಯಿದೆ. ಸರೋವರವು ತುಂಬಿದ್ದಾಗ ಒಂದೇ ದಾರಿಯಿದ್ದ ಕಡೆ, ಅದು ಬತ್ತಿದ ಮೇಲೆ ಎರಡಾಗಿವೆ.

6. ನಮ್ಮ ನೆಲದ ಕಡೆಗೆ

ಈ ಕಥೆಗೂ ಭಾರತಕ್ಕೂ ನೇರವಾದ ಸಂಬಂಧವಿದೆ. ಹೂವರ್ ಕಟ್ಟೆಯ ವಿನ್ಯಾಸದ ಮುಖ್ಯ ಎಂಜಿನಿಯರಾಗಿದ್ದ ಜಾನ್ ಸ್ಯಾವೇಜನು 1940ರ ದಶಕದಲ್ಲಿ ಭಾಕ್ರಾ ಯೋಜನೆಗೆ ಸಲಹೆಗಾರನಾಗಿದ್ದನು. ಗ್ರ್ಯಾಂಡ್ ಕೂಲಿ ಅಣೆಕಟ್ಟಿನಲ್ಲಿ ಅನುಭವ ಪಡೆದ ಹಾರ್ವೆ ಸ್ಲೋಕಮನು 1952ರಲ್ಲಿ ಭಾಕ್ರಾಕ್ಕೆ ಬಂದು, ಕೆಲಸ ಮುಗಿಯುವ ಮುನ್ನ 1961ರಲ್ಲಿ ಈ ದೇಶದಲ್ಲಿಯೇ ತೀರಿಕೊಂಡನು. ಅಲ್ಲಿಯಂತೆ ಇಲ್ಲಿಯೂ ಮೊದಲು ಹುಟ್ಟಿದ್ದು ರೈಲು. ನಂಗಲ್‌ನಿಂದ ಭಾಕ್ರಾಕ್ಕೆ 1948ರಲ್ಲಿ ಹಾಕಿದ ಸುಮಾರು 13 ಕಿಲೋಮೀಟರುಗಳ ಮಾರ್ಗವನ್ನು ಮಾತ್ರ ನಾವು ಕೀಳಲಿಲ್ಲ. ಅಣೆಕಟ್ಟಿನ ಆಡಳಿತ ಮಂಡಲಿಯ ಆ ಪುಟ್ಟ ರೈಲು ನೌಕರರನ್ನೂ ಸುತ್ತಲಿನ ಹಳ್ಳಿಯವರನ್ನೂ ಶಾಲೆಯ ಮಕ್ಕಳನ್ನೂ ಟಿಕೆಟ್ಟಿನ ಹಣವಿಲ್ಲದೆ ಸಾಗಿಸುತ್ತ ಬಂದಿದೆ. ಅಮೆರಿಕವು ಹಳಿ ಕಿತ್ತು ದಾರಿಯನ್ನು ಉಳಿಸಿತು. ನಾವು ದಾರಿಯ ಬಳಕೆಯನ್ನೇ ಉಳಿಸಿಕೊಂಡೆವು. ಆದರೆ ಗೋಬಿಂದ ಸಾಗರದ ಕೆಳಗೆ ಹಳೆಯ ಬಿಲಾಸಪುರವಿದೆ. ನೀರಿಳಿದಾಗ ಅದರ ದೇವಾಲಯಗಳ ಶಿಖರಗಳು ಕಾಣುತ್ತವೆ. ಮನೆ ಕಳೆದುಕೊಂಡ ಗುಡ್ಡಗಾಡಿನ ಕುಟುಂಬಗಳಲ್ಲಿ ಅನೇಕವನ್ನು ದೂರದ ಹಿಸಾರದ ಬಯಲಿಗೆ ಕಳುಹಿಸಲಾಯಿತು.

ಕನ್ನಡ ನಾಡಿನಲ್ಲಿ ಇನ್ನೂ ವಿಚಿತ್ರವಾದ ನಿದರ್ಶನವಿದೆ. ಜೋಗದ ವಿದ್ಯುತ್ತಿಗಾಗಿ ಶರಾವತಿಗೆ ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟನ್ನು ಕಟ್ಟಿದರು. 1964ರಲ್ಲಿ ಲಿಂಗನಮಕ್ಕಿ ಜಲಾಶಯವು ಆ ಅಣೆಕಟ್ಟನ್ನೇ ಮುಳುಗಿಸಿತು. ಬರದ ವರ್ಷಗಳಲ್ಲಿ ನೀರು ಇಳಿದಾಗ ಹಳೆಯ ಕಟ್ಟೆಯು ಮೇಲೆ ಬರುತ್ತದೆ. ಜನರು ದೂರದೂರದಿಂದ ಬಂದು ಅದರ ಮೇಲೆ ನಡೆದಾಡುತ್ತಾರೆ. ಆದರೆ ಆ ಎರಡು ಕಟ್ಟೆಗಳ ನೀರಿನಲ್ಲಿ ಊರು ಕಳೆದುಕೊಂಡು ಚದುರಿದವರ ಜಮೀನಿನ ಹಕ್ಕಿನ ಪ್ರಶ್ನೆಯು ಅನೇಕ ದಶಕಗಳ ತರುವಾಯವೂ ಮಲೆನಾಡಿನಲ್ಲಿ ಬಗೆಹರಿಯದೆ ನಿಂತಿತು.

7. ಉಪಸಂಹಾರ

ಹೂವರ್ ಕಟ್ಟೆಯು ಪ್ರವಾಹವನ್ನು ತಡೆದು, ಮೂರು ಸಂಸ್ಥಾನಗಳ ನಗರಗಳಿಗೂ ಹೊಲಗಳಿಗೂ ನೀರನ್ನೂ ಬೆಳಕನ್ನೂ ಕೊಟ್ಟಿದೆ. ಆ ಉಪಕಾರವನ್ನು ಅಲ್ಲಗಳೆಯುವುದು ಈ ಲೇಖನದ ಉದ್ದೇಶವಲ್ಲ. ಆದರೆ ಸ್ಮಾರಕಗಳ ವಿಷಯದಲ್ಲಿ ಒಂದು ವಿಚಾರವನ್ನು ಸೂಚಿಸಬೇಕಾಗಿದೆ. ಕಟ್ಟಿದವರ ದಾರಿಯು ಎತ್ತರದಲ್ಲಿತ್ತು, ಅದನ್ನು ಸರಕಾರವು ಕಾಯ್ದಿಟ್ಟಿತು. ಬಿಟ್ಟುಹೋದವರ ದಾರಿಯು ತಗ್ಗಿನಲ್ಲಿತ್ತು, ಅದನ್ನು ನೆನಪಿಗೆ ತಂದದ್ದು ಬರಗಾಲ. ಡಾಲರುಗಳ ಸಾಲವು 1987ರಲ್ಲಿ ಚುಕ್ತಾ ಆಯಿತೆಂಬುದಕ್ಕೆ ರಶೀದಿಯಿದೆ. ಎರಡು ಸಲ ಊರು ಬಿಟ್ಟ ರೈತರದೂ ಚಿಂದಿಯೂರಿನಲ್ಲಿ ಬಿಸಿಲಿಗೆ ಸತ್ತವರದೂ ಬಾಬ್ತು ಅದೇ ಪುಸ್ತಕದಲ್ಲಿ ಇನ್ನೂ ಬರೆಯಬೇಕಾಗಿದೆ. ನಮ್ಮ ಬಿಲಾಸಪುರಕ್ಕೂ ಶರಾವತಿಯ ಹಿನ್ನೀರಿನ ಹಳ್ಳಿಗಳಿಗೂ ಈ ಮಾತು ಸಲ್ಲುತ್ತದೆ. ಮುಳುಗಿದ ಊರುಗಳ ಹೆಸರು, ಅವುಗಳಿಗೆ ಹೋಗುತ್ತಿದ್ದ ದಾರಿ, ಅಲ್ಲಿದ್ದ ಮನೆತನಗಳು ಇವನ್ನು ಕಂಡುಂಡ ಹಿರಿಯರು ಇರುವಾಗಲೇ ಕೇಳಿ ಬರೆದಿಡುವ ಕೆಲಸವನ್ನು ಹೊರನಾಡಿನ ಕನ್ನಡ ಸಂಘಗಳೂ ಕೈಗೊಳ್ಳಬಹುದು. ಅಂತಹ ಕುಟುಂಬಗಳವರು ಉದ್ಯೋಗಕ್ಕಾಗಿ ಸೇರಿರುವುದು ಅನೇಕ ಸಲ ನಮ್ಮ ಈ ನಗರಗಳನ್ನೇ.